ನಮ್ಮಜ್ಜ ಬೀಡಿ ಸೇದ್ಕೊಂಡೇ ತೊಂಬತ್ತು ವರ್ಷ ಬದುಕಿದ್ರು!

ಫೋನ್-ಇನ್ ಕಾರ್ಯಕ್ರಮದಲ್ಲಿ ಪಕ್ಕದಲ್ಲಿ ಡಾಕ್ಟರ್ ಕೂತಿದ್ದರೆ ಆ್ಯಂಕರ್ ಕೆಲಸ ಸಲೀಸು. ಕರೆ ತಗೊಳ್ಳೋದು, ಊರು ಕೇಳೋದು, "ಟಿವಿ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಅನ್ನೋದು, ಪ್ರಶ್ನೆಯನ್ನು ಡಾಕ್ಟರ್ ಕಡೆ ದಾಟಿಸೋದು. ಆವತ್ತೂ ಹಾಗೇ ನಡೀತಿತ್ತು. ವಿಷಯ ಧೂಮಪಾನ. ಕಾರ್ಯಕ್ರಮ ಮುಗಿಯಲು ಎರಡು ನಿಮಿಷ ಇದ್ದಾಗ ಮಾಗಡಿ ಕಡೆಯಿಂದ ಒಬ್ಬ ಹುಡುಗನ ಕರೆ ಬಂತು.

"ಸಾರ್, ನಾನು ನಮ್ಮಣ್ಣ ಇಬ್ರೂ ಕೋಳಿ ಫಾರಂನಲ್ಲಿ ಕೆಲ್ಸ ಮಾಡ್ತೀವಿ. ಎಂಟು ವರ್ಷ ಆಯ್ತು. ಇಬ್ರೂ ಬೀಡಿ ಸೇದ್ತೀವಿ. ಅವ್ನೇ ನನಗಿಂತ ಜಾಸ್ತಿ. ಅವ್ನಿಗೆ ಏನೂ ಆಗಿಲ್ಲ. ನಂಗೆ ಎರಡು ವರ್ಷದಿಂದ ಕೆಮ್ಮು, ಶೆಡ್ ಒಳಗೆ ಹೋದ್ರೆ ಎದೆ ಹಿಡ್ಕೊಳ್ಳುತ್ತೆ. ಓನರು 'ಶೆಡ್ಡಲ್ಲಿ ಏನೂ ಇಲ್ಲ ಕಣೋ, ನಿಮ್ಮಣ್ಣ ಚೆನ್ನಾಗೇ ಇದಾನಲ್ಲ, ನಿನ್ ಮೈಯೇ ಸರಿಯಿಲ್ಲ' ಅಂತಾರೆ. ನಮ್ಮಜ್ಜ ಬೇರೆ ಬೀಡಿ ಸೇದ್ಕೊಂಡೇ ತೊಂಬತ್ತು ವರ್ಷ ಬದುಕಿದ್ರು. ಇದು ನಂಗೆ ಹುಟ್ಟಿನಿಂದಲೇ ಬಂದಿರೋದಾ ಸಾರ್?"

ಡಾಕ್ಟರ್ "ಮೊದಲು ಬೀಡಿ ಬಿಡಪ್ಪಾ, ಆಮೇಲೆ ಒಂದ್ಸಲ ಆಸ್ಪತ್ರೆಗೆ ಬಾ" ಅಂದರು. ಸರಿಯಾದ ಮಾತೇ. ಟೈಂ ಮುಗಿದಿತ್ತು, ಬ್ರೇಕ್‌ಗೆ ಹೋದೆವು. ಆದರೆ ಆ ಹುಡುಗ ಕೇಳಿದ ಪ್ರಶ್ನೆಗೆ ನಾವು ಉತ್ತರ ಕೊಡಲೇ ಇಲ್ಲ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ವೈದ್ಯಕೀಯ ಅಲ್ಲ. ಆದರೂ ಹುಡುಕೋಣ ಅಂತ ಕೂತೆ. ಹುಡುಕಿದ ಮೇಲೆ ಗೊತ್ತಾಗಿದ್ದು ಇಷ್ಟು: ಹುಡುಗನ ಅನುಮಾನ ನಿಜ ಇರಬಹುದು, ಹುಟ್ಟಿನಿಂದ ಬಂದದ್ದು ಏನೋ ಇದೆ. ಹಾಗಿದ್ದೂ ಓನರ್ ಹೇಳಿದ್ದು ತಪ್ಪು. ಎರಡೂ ಒಟ್ಟಿಗೇ ನಿಜ ಹೇಗೆ ಅನ್ನೋದೇ ಇವತ್ತಿನ ಕಥೆ.

ಮೊದಲು ಬೀಡಿ. ಒಬ್ಬನಿಗೆ ದಿನಕ್ಕೆ ಎರಡು ಸಾಕು, ಇನ್ನೊಬ್ಬನಿಗೆ ಎರಡು ಕಟ್ಟು ಬೇಕು. ಯಾಕೆ? ಸಹವಾಸ, ದುಡ್ಡು, ಕೆಲಸದ ಒತ್ತಡ ಎಲ್ಲ ಇದೆ. ಅದರ ಜೊತೆಗೆ ರಕ್ತದ ಪಾಲೂ ಇದೆ. 2008ರಲ್ಲಿ ಮೂರು ಬೇರೆ ಬೇರೆ ಸಂಶೋಧನಾ ತಂಡಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ನಮ್ಮ 15ನೇ ಕ್ರೋಮೋಸೋಮಿನ ಒಂದೇ ಜಾಗಕ್ಕೆ ಬೆರಳು ತೋರಿಸಿದವು. ಅಲ್ಲಿರುವ ಜೀನ್‌ಗಳು ಮೆದುಳಿನಲ್ಲಿ ನಿಕೋಟಿನ್ ಬಂದು ಕೂರುವ 'ಸಾಕೆಟ್' ತಯಾರಿಸುತ್ತವೆ. ಆ ಸಾಕೆಟ್ಟಿನ ಒಂದು ರೂಪ ಇರುವವರಿಗೆ "ಸಾಕು" ಅನ್ನೋ ಸೂಚನೆ ಸ್ವಲ್ಪ ತಡವಾಗಿ ಬರುತ್ತದೆ. ಹಾಗಾಗಿ ಜಾಸ್ತಿ ಸೇದುತ್ತಾರೆ. ಇನ್ನೊಂದು ಜೀನ್ ಲಿವರ್‌ನಲ್ಲಿ ಕೆಲಸ ಮಾಡುತ್ತದೆ, ನಿಕೋಟಿನ್ ಎಷ್ಟು ಬೇಗ ಕರಗಬೇಕು ಅಂತ ತೀರ್ಮಾನಿಸೋದು ಅದು. ಬೇಗ ಕರಗಿದರೆ ಬೇಗ ಮತ್ತೊಂದು ಬೇಕು. ನಿಧಾನಕ್ಕೆ ಕರಗುವವರು ಕಡಿಮೆ ಸೇದುತ್ತಾರೆ, ಬಿಡುವುದೂ ಅವರಿಗೆ ಕೊಂಚ ಸುಲಭ.

ಕೇಳೋಕೆ ದೊಡ್ಡ ವಿಷಯ ಅನ್ನಿಸುತ್ತೆ, ಅಲ್ವಾ? ಈಗ ಅಳತೆ ಕೇಳಿ. 15ನೇ ಕ್ರೋಮೋಸೋಮಿನ ಆ ರೂಪದ ಒಂದೊಂದು ಪ್ರತಿಗೆ ಹೆಚ್ಚಾಗುವುದು ದಿನಕ್ಕೆ ಸುಮಾರು ಒಂದು ಸಿಗರೇಟು. ಒಂದೇ ಒಂದು! ಇಂಥ ಸಣ್ಣ ಸಣ್ಣ ತಳ್ಳಾಟಗಳು ನೂರಾರು ಸೇರಿಕೊಂಡು ಚಟದ ಹಿಡಿತವನ್ನು ರೂಪಿಸುತ್ತವೆ. "ನಂಗೆ ಬಿಡೋಕೇ ಆಗಲ್ಲ, ಅದು ನನ್ನ ಜೀನ್" ಅಂತ ಕೈಚೆಲ್ಲುವಷ್ಟು ಬಲ ಯಾವ ಒಂದು ಜೀನ್‌ಗೂ ಇಲ್ಲ. ಹಾಗೇ, "ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಎಲ್ಲಾರೂ ಬಿಡಬಹುದು" ಅಂತ ಸೇದದವರು ಮೀಸೆ ತಿರುವುವುದೂ ನ್ಯಾಯ ಅಲ್ಲ. ಹಿಡಿತ ಎಲ್ಲರಿಗೂ ಒಂದೇ ಸಮ ಇಲ್ಲ.

ಈ 'ಜೀನ್' ವಾದಕ್ಕೆ ಒಂದು ಹಳೇ ಇತಿಹಾಸ ಇದೆ. ಆಧುನಿಕ ಸಂಖ್ಯಾಶಾಸ್ತ್ರದ ಪಿತಾಮಹ ಅಂತ ಕರೆಸಿಕೊಳ್ಳುವ ರೊನಾಲ್ಡ್ ಫಿಶರ್ ಹೆಸರು ಇಂಜಿನಿಯರಿಂಗ್ ಓದಿದವರಿಗೆ ಗೊತ್ತಿರುತ್ತೆ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅನ್ನೋ ಇಬ್ಬರು ಬ್ರಿಟಿಷ್ ಸಂಶೋಧಕರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಅಂತ ಅಂಕಿ-ಅಂಶ ಮುಂದಿಟ್ಟರು. ಫಿಶರ್ ಒಪ್ಪಲಿಲ್ಲ. 1957-58ರಲ್ಲಿ ಅವರು ವಾದ ಹೂಡಿದರು: ಯಾವುದೋ ಜೀನ್ ಮನುಷ್ಯನಿಗೆ ಸಿಗರೇಟಿನ ಆಸೆಯನ್ನೂ ಹುಟ್ಟಿಸಬಹುದು, ಅದೇ ಜೀನ್ ಕ್ಯಾನ್ಸರನ್ನೂ ತರಬಹುದು, ಪಾಪ ಸಿಗರೇಟಿನ ತಪ್ಪೇನಿಲ್ಲದೇ ಇರಬಹುದು! ಫಿಶರ್ ಸ್ವತಃ ಪೈಪ್ ಸೇದುತ್ತಿದ್ದರು, ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು. ಬುದ್ಧಿವಂತರು ತಪ್ಪು ಮಾಡಿದರೆ ಆ ತಪ್ಪೂ ಬಹಳ ಬುದ್ಧಿವಂತವಾಗೇ ಇರುತ್ತೆ ನೋಡಿ.

ಅದಕ್ಕೆ ಉತ್ತರ ಕೊಟ್ಟಿದ್ದು ಅವಳಿಗಳು. ಫಿನ್ಲೆಂಡಿನಲ್ಲಿ ಒಬ್ಬ ಸೇದುವ, ಇನ್ನೊಬ್ಬ ಸೇದದ ಅವಳಿ ಜೋಡಿಗಳನ್ನು ಹುಡುಕಿ 12 ವರ್ಷ ಬೆನ್ನುಹತ್ತಿದರು. ಫಲಿತಾಂಶ 1989ರಲ್ಲಿ ಹೊರಬಂತು. ಬೀಜ ಒಂದೇ, ತಾಯಿ ಒಬ್ಬಳೇ, ಮನೆ ಒಂದೇ. ಮೊದಲು ಸಾಯುತ್ತಿದ್ದವನು ಹೆಚ್ಚಾಗಿ ಸೇದುತ್ತಿದ್ದವನೇ. ಆದರೆ ತಮಾಷೆ ಏನು ಗೊತ್ತಾ? 2008ರಲ್ಲಿ ಸಿಕ್ಕ ಆ 15ನೇ ಕ್ರೋಮೋಸೋಮಿನ ತುಣುಕು ಜಾಸ್ತಿ ಸೇದುವುದಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಎರಡಕ್ಕೂ ತಗುಲಿಕೊಂಡಿತ್ತು. ಫಿಶರ್ ಊಹಿಸಿದಂಥ ಜೀನ್ ನಿಜಕ್ಕೂ ಇತ್ತು! ಅದು ಸಿಗರೇಟನ್ನು ನಿರಪರಾಧಿ ಮಾಡಲಿಲ್ಲ ಅಷ್ಟೇ. ಆ ಜೀನ್ ಅಪಾಯ ಮಾಡೋದು ಬಹುಪಾಲು ಹೊಗೆಯ ಜೊತೆ ಸೇರಿಕೊಂಡಾಗ.

'ಸೇರಿಕೊಂಡಾಗ' ಅನ್ನೋ ಈ ಒಂದು ಪದ ಇಟ್ಟುಕೊಂಡು ಈಗ ಶೆಡ್ಡಿಗೆ ಹೋಗೋಣ.

ಸಾಕುಪ್ರಾಣಿ ಶೆಡ್ಡಿನ ಗಾಳಿ ಬಗ್ಗೆ ಅತಿ ಹೆಚ್ಚು ಅಧ್ಯಯನ ಆಗಿರೋದು ಅಮೆರಿಕದ ಆಯೋವಾ, ಕೆನಡಾದ ಸಸ್ಕಾಚೆವಾನ್, ಡೆನ್ಮಾರ್ಕ್, ಸ್ವೀಡನ್ ಇಂಥ ಕಡೆ. ಅಲ್ಲಿ ಹಂದಿಗಳನ್ನು ಸಾವಿರಗಟ್ಟಲೆ ಮುಚ್ಚಿದ ಕಟ್ಟಡಗಳಲ್ಲಿ ಸಾಕುತ್ತಾರೆ. ಹೊರಗೆ ಚಳಿ, ಒಳಗೆ ಬಿಸಿ ಉಳಿಯಲಿ ಅಂತ ಗಾಳಿ ಓಡಾಟ ಕಡಿಮೆ. ಆ ಗಾಳಿಯಲ್ಲಿ ಮೇವಿನ ಪುಡಿ, ಚರ್ಮದ ಹೊಟ್ಟು, ಒಣಗಿದ ಸಗಣಿಯ ಧೂಳು, ಅಮೋನಿಯಾ ಎಲ್ಲ ಇರುತ್ತೆ. ನಿಜವಾದ ಖಳನಾಯಕ ಕಣ್ಣಿಗೆ ಕಾಣಲ್ಲ. ಅದರ ಹೆಸರು ಎಂಡೋಟಾಕ್ಸಿನ್. ಕೆಲವು ಜಾತಿಯ ಬ್ಯಾಕ್ಟೀರಿಯಾಗಳ ಹೊರಗೋಡೆಯ ತುಣುಕು ಅದು. ಬ್ಯಾಕ್ಟೀರಿಯಾ ಸತ್ತರೂ ಗೋಡೆ ಧೂಳಲ್ಲಿ ಉಳಿಯುತ್ತೆ. ಶ್ವಾಸಕೋಶಕ್ಕೆ ಹೋದರೆ ದೇಹ "ವೈರಿ ಬಂದ" ಅಂತ ಸೈನ್ಯ ಕಳಿಸುತ್ತೆ. ಕೆಮ್ಮು, ಎದೆ ಬಿಗಿತ, ಕೆಲವರಿಗೆ ಸಂಜೆ ಹೊತ್ತಿಗೆ ಚಳಿಜ್ವರ. ನಮ್ಮ ಕೋಳಿ ಶೆಡ್ಡಿನಲ್ಲಿ ಭತ್ತದ ಹೊಟ್ಟು ಹಾಸಿ, ಅದರ ಮೇಲೆ ಹಿಕ್ಕೆ ಬಿದ್ದು ಒಣಗಿ, ಬ್ಯಾಚ್ ಮುಗಿದ ಮೇಲೆ ಅದನ್ನು ಸಲಿಕೆಯಲ್ಲಿ ಎತ್ತುವಾಗ ಏಳುವ ಧೂಳಿನಲ್ಲೂ ಇರೋದು ಇದೇ.

ಈ ಎಂಡೋಟಾಕ್ಸಿನ್‌ಗೆ ಎಲ್ಲರೂ ಒಂದೇ ಥರ ಸ್ಪಂದಿಸುತ್ತಾರಾ? ಆಯೋವಾದ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷೆ ಮಾಡಿದರು. ಆಸ್ತಮಾ ಇಲ್ಲದ ಆರೋಗ್ಯವಂತ ಸ್ವಯಂಸೇವಕರಿಗೆ ಎಂಡೋಟಾಕ್ಸಿನ್ ಅನ್ನು ಸಣ್ಣ ಪ್ರಮಾಣದಿಂದ ಶುರುಮಾಡಿ ಹೆಚ್ಚಿಸುತ್ತಾ ಉಸಿರಾಡಿಸಿದರು. ಕೆಲವರ ಉಸಿರಿನ ಶಕ್ತಿ 6.5 ಮೈಕ್ರೋಗ್ರಾಮ್ ಒಳಗೇ ಶೇ. 20ರಷ್ಟು ಕುಸಿಯಿತು. ಇನ್ನು ಕೆಲವರು 41.5 ಮೈಕ್ರೋಗ್ರಾಮ್ ಎಳೆದುಕೊಂಡರೂ ಶೇ. 10ರಷ್ಟೂ ಕುಸಿಯಲಿಲ್ಲ. ಆರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ! 2000ದಲ್ಲಿ ಅದೇ ತಂಡದವರು ಈ ವ್ಯತ್ಯಾಸಕ್ಕೆ ಕಾರಣವಾಗುವ ಒಂದು ಜೀನ್ ತೋರಿಸಿದರು. ಹೆಸರು ಟಿಎಲ್‌ಆರ್-4. ಎಂಡೋಟಾಕ್ಸಿನ್ ಬಂದಾಗ ಗಂಟೆ ಬಾರಿಸುವ ಕಾಲಿಂಗ್ ಬೆಲ್ ಅಂದ್ಕೊಳ್ಳಿ. ಆ ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿರುವವರ ಬೆಲ್ ಜೋರಾಗಿ ಹೊಡೆಯಲ್ಲ. ಹಾಗಂತ ಲೆಕ್ಕ ಪೂರ್ತಿ ಕೂಡಲಿಲ್ಲ. ಆ ಬದಲಾವಣೆ ಇಲ್ಲದಿದ್ದರೂ ತಡೆದುಕೊಂಡವರಿದ್ದರು, ಇದ್ದೂ ತಡೆಯಲಾಗದವರಿದ್ದರು. ಬೆಲ್ಲಿಗೆ ಬೇರೆ ವೈರುಗಳೂ ಇವೆ.

ಸರಿ, ಗಂಟೆ ಹೊಡೆಯಿತು, ದೇಹದ ಸೈನಿಕರು ಅಂದರೆ ಬಿಳಿ ರಕ್ತಕಣಗಳು ಶ್ವಾಸಕೋಶಕ್ಕೆ ನುಗ್ಗಿದವು. ಅವು ಒಂದು ಕಿಣ್ವ ಸುರಿಸುತ್ತವೆ. ಅದು ವೈರಿಯನ್ನೂ ಕರಗಿಸುತ್ತೆ, ಬಿಟ್ಟರೆ ನಮ್ಮ ಶ್ವಾಸಕೋಶದ ಗೋಡೆಯನ್ನೂ ಕರಗಿಸುತ್ತೆ. ಅದಕ್ಕೆ ಬ್ರೇಕ್ ಹಾಕಲು ಲಿವರ್ ಒಂದು ಪ್ರೋಟೀನ್ ಕಳಿಸುತ್ತೆ, ಆಲ್ಫಾ-1 ಆಂಟಿಟ್ರಿಪ್ಸಿನ್. ಸ್ವೀಡನ್ನಿನ ಮಾಲ್ಮೋದಲ್ಲಿ ಲಾರೆಲ್ ಅನ್ನೋ ವೈದ್ಯರು ಸುಮಾರು 1,500 ರಕ್ತದ ಸ್ಯಾಂಪಲ್ ನೋಡುತ್ತಿದ್ದಾಗ ಐದರಲ್ಲಿ ಒಂದು ಪಟ್ಟಿ ಕಾಣೆಯಾಗಿರೋದು ಕಣ್ಣಿಗೆ ಬಿತ್ತು. ಆ ಐವರಲ್ಲಿ ಮೂವರಿಗೆ ಶ್ವಾಸಕೋಶದ ಕಾಯಿಲೆ! ಸಹೋದ್ಯೋಗಿ ಎರಿಕ್ಸನ್ ಜೊತೆ 1963ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅಪ್ಪ-ಅಮ್ಮ ಇಬ್ಬರಿಂದಲೂ ಆ ದೋಷದ 'ಝಡ್' ಪ್ರತಿ ಬಂದವರಿಗೆ ಬ್ರೇಕ್ ತೀರಾ ಕಮ್ಮಿ. ಅವರು ಸಿಗರೇಟು ಸೇದಿದರೆ ಮೂವತ್ತು-ನಲವತ್ತರ ವಯಸ್ಸಿಗೇ ಶ್ವಾಸಕೋಶ ಹಾಳಾಗಬಹುದು. ಸೇದದಿದ್ದರೆ ಎಷ್ಟೋ ಜನ ವಯಸ್ಸಾಗುವವರೆಗೂ ಬದುಕುತ್ತಾರೆ. ಸಿಗರೇಟಿನ ಹೊಗೆ ಮಾಡೋ ಕೆಲಸ ಏನು ಗೊತ್ತಾ? ಇರೋ ಸ್ವಲ್ಪ ಬ್ರೇಕನ್ನೂ ತುಕ್ಕು ಹಿಡಿಸುತ್ತೆ. ರೂಪಕಕ್ಕೆ ಹೇಳ್ತಿಲ್ಲ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಆಕ್ಸಿಡೇಷನ್ನೇ. ಒಂದು ಕಡೆ ಧೂಳು ಸೈನ್ಯವನ್ನು ಕರೆಯುತ್ತೆ, ಇನ್ನೊಂದು ಕಡೆ ಬೀಡಿ ಬ್ರೇಕ್ ಕೀಳುತ್ತೆ. ಎರಡೂ ಒಂದೇ ಎದೆಯಲ್ಲಿ.

ಒಂದೇ 'ಝಡ್' ಪ್ರತಿ ಇರುವವರು? ಅವರಿಗೆ ಸಾಮಾನ್ಯವಾಗಿ ಏನೂ ಗೊತ್ತೇ ಆಗಲ್ಲ. 1990ರ ದಶಕದಲ್ಲಿ ಡೆನ್ಮಾರ್ಕಿನ ಕೃಷಿ ಶಾಲೆಗಳ ಸುಮಾರು ಎರಡು ಸಾವಿರ ಹುಡುಗ-ಹುಡುಗಿಯರನ್ನು ಪರೀಕ್ಷೆ ಮಾಡಿದರು. ಹಂದಿ, ಹಸು ಸಾಕಣೆಗೆ ಆಗತಾನೇ ಕಾಲಿಡುತ್ತಿದ್ದ ಎಳೆಯರು. ಅವರಲ್ಲಿ ಈ ದೋಷದ ಪ್ರತಿ ಇದ್ದವರ ಶ್ವಾಸನಾಳಗಳು ಸಣ್ಣ ಕೆರಳಿಕೆಗೂ ಮುದುಡಿಕೊಳ್ಳುವುದು ಹೆಚ್ಚು ಅಂತ 2000ದಲ್ಲಿ ಪ್ರಕಟವಾಯಿತು. ಬೇರೆ ಕಡೆ ಕೆಲಸ ಮಾಡಿದ್ದರೆ ಆಯುಷ್ಯಪೂರ್ತಿ ಗೊತ್ತಾಗದೇ ಇರಬಹುದಾಗಿದ್ದ ಗುಟ್ಟನ್ನು ಕೊಟ್ಟಿಗೆಯ ಗಾಳಿ ಹೊರಗೆ ಎಳೆಯಿತು.

ಇಲ್ಲಿ ಒಬ್ಬರು ಕೈ ಎತ್ತುತ್ತಾರೆ. "ಅಲ್ಲ ಸಾರ್, ಕೊಟ್ಟಿಗೆಯಲ್ಲಿ ಆಡಿ ಬೆಳೆದ ಮಕ್ಕಳಿಗೆ ಆಸ್ತಮಾ ಬರಲ್ಲ ಅಂತ ನೀವೇ ಹೇಳಿದ್ರಲ್ಲ?" ಹೌದು, ಹೇಳಿದ್ದೆ. ಅಮೆರಿಕದಲ್ಲಿ ಆಮಿಷ್, ಹಟರೈಟ್ ಅನ್ನೋ ಎರಡು ಕೃಷಿಕ ಸಮುದಾಯಗಳಿವೆ. ವಂಶವಾಹಿಯಲ್ಲಿ ಬಹಳ ಹತ್ತಿರದವರು. ಆಮಿಷ್ ಜನ ಕುದುರೆ ಕಟ್ಟಿ ಹಳೇ ಪದ್ಧತಿಯಲ್ಲಿ ಹೈನುಗಾರಿಕೆ ಮಾಡುತ್ತಾರೆ, ಹಟರೈಟರದು ದೊಡ್ಡ ಯಂತ್ರದ ಕೃಷಿ. 2016ರಲ್ಲಿ ಬಂದ ಅಧ್ಯಯನದ ಪ್ರಕಾರ ಆಮಿಷ್ ಮಕ್ಕಳಲ್ಲಿ ಆಸ್ತಮಾ ನಾಲ್ಕರಿಂದ ಆರು ಪಟ್ಟು ಕಡಿಮೆ, ಅವರ ಮನೆಯ ಧೂಳಿನಲ್ಲಿ ಎಂಡೋಟಾಕ್ಸಿನ್ ಮಾತ್ರ ಹೆಚ್ಚು! ಎಳೇ ಮಗುವಿನ ದೇಹಕ್ಕೆ ಮನೆಯಂಗಳದ ಅಳತೆಯಲ್ಲಿ ಸಿಗುವ ಧೂಳು ಪಾಠ ಕಲಿಸುತ್ತೆ. ಬೆಳೆದವನು ಬೀಡಿ ಸೇದಿದ ಎದೆಯಲ್ಲಿ ದಿನಕ್ಕೆ ಎಂಟು ಗಂಟೆ ಸಾವಿರಾರು ಕೋಳಿಗಳ ಧೂಳು ಕುಡಿಯೋದು ಬೇರೆ ಮಾತು. ಪ್ರಮಾಣ, ವಯಸ್ಸು, ಅವಧಿ ಮೂರೂ ಬದಲಾದ ಮೇಲೆ ಹೆಸರು ಮಾತ್ರ ಒಂದೇ.

ಈಗ ಓನರ್ ಮಾತಿಗೆ ಬರ್ತೀನಿ. "ನಿಮ್ಮಣ್ಣ ಚೆನ್ನಾಗೇ ಇದಾನಲ್ಲ."

ಒಡಹುಟ್ಟಿದವರು ಸರಾಸರಿ ಅರ್ಧದಷ್ಟು ಜೀನ್ ಮಾತ್ರ ಹಂಚಿಕೊಂಡಿರುತ್ತಾರೆ. ಅಣ್ಣನ ಬೆಲ್ ಬೇರೆ, ತಮ್ಮನ ಬೆಲ್ ಬೇರೆ ಇರೋದಕ್ಕೆ ಅಷ್ಟು ಸಾಕು. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಹತ್ತು ವರ್ಷ ಹಳೆಯ ಶೆಡ್ಡಿಗೆ ಹೋಗಿ ಕೆಲಸಗಾರರನ್ನು ಪರೀಕ್ಷಿಸಿ ನೋಡಿ, ಎಲ್ಲ ಗಟ್ಟಿಮುಟ್ಟಾಗೇ ಕಾಣುತ್ತಾರೆ. ಯಾಕಂದ್ರೆ ತಡೆಯಲಾಗದವರು ಮೊದಲ ವರ್ಷವೇ ಬಿಟ್ಟು ಹೋಗಿರುತ್ತಾರೆ, ಯಾವುದೋ ಗಾರ್ಮೆಂಟ್ಸ್‌ಗೋ ಗಾರೆ ಕೆಲಸಕ್ಕೋ. ಉಳಿದವರನ್ನು ತೋರಿಸಿ "ನಮ್ಮ ಶೆಡ್ ಸೇಫು" ಅನ್ನೋದು, ಪರೀಕ್ಷೇಲಿ ಫೇಲಾದವರನ್ನು ಲೆಕ್ಕದಿಂದ ತೆಗೆದು "ನಮ್ಮ ಕಾಲೇಜ್ ರಿಸಲ್ಟ್ ಶೇ. 100" ಅಂತ ಬ್ಯಾನರ್ ಹಾಕಿದ ಹಾಗೆ. ಅಜ್ಜನ ಕಥೆಯೂ ಇದೇ. ತೊಂಬತ್ತು ವರ್ಷ ಬದುಕಿದ ಅಜ್ಜನನ್ನು ಮೊಮ್ಮಕ್ಕಳು ನೋಡಿರುತ್ತಾರೆ, ಬೀಡಿ ಸೇದಿ ಐವತ್ತಕ್ಕೇ ಹೋದ ಅಜ್ಜನ ತಮ್ಮನನ್ನು ನೋಡಿರಲ್ಲ. ಕಥೆ ಹೇಳೋಕೆ ಉಳಿದವನು ಬದುಕಿದವನೇ ತಾನೇ?

ಅಷ್ಟೇ ಅಲ್ಲ. ಉಳಿದವರೂ ನಿಜವಾಗಿ ಚೆನ್ನಾಗಿದ್ದಾರೆ ಅಂತ ಹೇಳೋಕಾಗಲ್ಲ. ಸ್ವೀಡನ್ನಿನ ಸಂಶೋಧಕರು ಹಂದಿ ಶೆಡ್ಡನ್ನೇ ಕಾಣದ ಆರೋಗ್ಯವಂತರನ್ನು ಕೆಲವೇ ಗಂಟೆ ಅಲ್ಲಿ ಕೆಲಸಕ್ಕೆ ಬಿಟ್ಟಾಗ, ಅವರ ಶ್ವಾಸಕೋಶದಲ್ಲಿ ಉರಿಯೂತದ ಕಣಗಳು ಹತ್ತಾರು ಪಟ್ಟು ಏರಿದವು. ಹಳೇ ಹಂದಿ ಸಾಕಣೆಗಾರರಲ್ಲಿ ಅಷ್ಟು ಏರಲಿಲ್ಲ, ಸಿಗರೇಟು ಸೇದುವವರಲ್ಲೂ ಪ್ರತಿಕ್ರಿಯೆ ಮಂದವಾಗಿತ್ತು. ಮೈ ಒಗ್ಗಿಕೊಂಡಿದೆ ಅಂತ ಖುಷಿಪಡಬಹುದಾ? ಅಲಾರಂ ಹೊಡೆದೂ ಹೊಡೆದೂ ಸುಮ್ಮನಾದರೆ ಮನೇಲಿ ಕಳ್ಳ ಇಲ್ಲ ಅಂತಲ್ಲ. ಅಮೆರಿಕ, ಯುರೋಪುಗಳಲ್ಲಿ ರೈತರು ಸಾಮಾನ್ಯವಾಗಿ ಉಳಿದವರಿಗಿಂತ ಕಡಿಮೆ ಸಿಗರೇಟು ಸೇದುತ್ತಾರೆ. ಹಾಗಿದ್ದೂ ಮುಚ್ಚಿದ ಶೆಡ್ಡಿನಲ್ಲಿ ಪ್ರಾಣಿ ಸಾಕುವವರಲ್ಲಿ ದೀರ್ಘಕಾಲದ ಕಫ-ಕೆಮ್ಮು ಹೆಚ್ಚು. ಅದರ ಮೇಲೆ ಸೇದುವ ಅಭ್ಯಾಸ ಬೇರೆ ಇದ್ದರೆ ಕೇಳಲೇಬೇಡಿ.

ನನಗೆ ಭಯ ಆಗೋದು ಇದರ ಮುಂದಿನ ಹೆಜ್ಜೆ. ಜೀನ್ ಟೆಸ್ಟ್ ಅಗ್ಗ ಆಗ್ತಿದೆ. ನಾಳೆ ಯಾರಾದರೂ "ಕೆಲಸಕ್ಕೆ ತಗೊಳ್ಳೋ ಮೊದಲು ರಕ್ತ ಪರೀಕ್ಷೆ ಮಾಡಿಸೋಣ, ಸೂಕ್ಷ್ಮ ಮೈಯವರನ್ನು ಬಿಟ್ಟು ಗಟ್ಟಿ ಮೈಯವರನ್ನೇ ತಗೊಳ್ಳೋಣ" ಅಂದರೆ? ಕಟ್ಟುಕಥೆ ಅಲ್ಲ. ಅಮೆರಿಕದ ಒಂದು ರೈಲ್ವೆ ಕಂಪನಿ ಮಣಿಕಟ್ಟು ನೋವು ಅಂದ ಕೆಲಸಗಾರರ ರಕ್ತ ತೆಗೆದು, ಅವರಿಗೆ ಹೇಳದೇ ಜೀನ್ ಪರೀಕ್ಷೆ ಮಾಡಿಸಿತ್ತು. 2001ರಲ್ಲಿ ಸಿಕ್ಕಿಬಿತ್ತು, 2002ರಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2008ರಲ್ಲಿ ಅಲ್ಲಿ ಜೀನ್ ನೋಡಿ ಕೆಲಸ ನಿರಾಕರಿಸಬಾರದು ಅಂತ ಕಾನೂನೇ ಬಂತು. ಹಾಗಂತ ಗೊತ್ತಾಗೋದೇ ಕೆಟ್ಟದ್ದು ಅಂತ ನಾನು ಹೇಳಲ್ಲ. ಸ್ವೀಡನ್ನಿನಲ್ಲಿ 1972ರಿಂದ 74ರವರೆಗೆ ಎರಡು ಲಕ್ಷ ನವಜಾತ ಶಿಶುಗಳಿಗೆ ಆಲ್ಫಾ-1 ಪರೀಕ್ಷೆ ಮಾಡಿದರು. ಅಪ್ಪ-ಅಮ್ಮಂದಿರು ಹೆದರಿ ಕಂಗಾಲಾದರು ಅಂತ ನಿಲ್ಲಿಸಿಬಿಟ್ಟರು. ಆದರೆ ದೋಷ ಇದ್ದ ಆ ಮಕ್ಕಳು ದೊಡ್ಡವರಾದಾಗ ನೋಡಿದರೆ, ಓರಗೆಯವರಿಗಿಂತ ಸಿಗರೇಟು ಮುಟ್ಟಿದವರು ಕಡಿಮೆ. ಮಾಹಿತಿ ಅವರ ಕೈಯಲ್ಲೇ ಇತ್ತು, ಯಜಮಾನನ ಕೈಯಲ್ಲಿ ಇರಲಿಲ್ಲ. ವ್ಯತ್ಯಾಸ ಇರೋದು ಅಲ್ಲೇ.

ಕಾಲೇಜಿನ ಲ್ಯಾಬಿನಲ್ಲಿ ಟೆನ್ಸೈಲ್ ಟೆಸ್ಟ್ ಅಂತ ಮಾಡಿಸೋರು. ಒಂದೇ ಉಕ್ಕಿನ ಸರಳಿಂದ ಕತ್ತರಿಸಿದ ತುಂಡುಗಳನ್ನು ಎಳೆದು ಎಳೆದು ತುಂಡರಿಸೋದು. ಎಲ್ಲ ಒಂದೇ ಭಾರಕ್ಕೆ ಮುರಿಯಲ್ಲ. "ಹಾಗಾದ್ರೆ ಸೇತುವೆ ಡಿಸೈನ್ ಯಾವ ತುಂಡಿನ ಲೆಕ್ಕದಲ್ಲಿ ಮಾಡ್ತೀರಿ?" ಅಂತ ಮೇಷ್ಟ್ರು ಕೇಳೋರು. ಗಟ್ಟಿ ತುಂಡನ್ನು ತೋರಿಸಿದವನಿಗೆ ಆವತ್ತು ಮಂಗಳಾರತಿ. ಸೊರಗಿದ ತುಂಡನ್ನು ಲೆಕ್ಕಕ್ಕೆ ಹಿಡಿದು, ಅದಕ್ಕೂ ಕೆಳಗೆ ಒಂದು ಅಂತರ ಬಿಟ್ಟು ಭಾರ ನಿಗದಿ ಮಾಡಬೇಕು. ಶೆಡ್ಡಿನ ಗಾಳಿಗೂ ಇದೇ ನಿಯಮ ಯಾಕಿರಬಾರದು?

ಮಾಡೋಕಾಗಲ್ಲ ಅಂತೇನಿಲ್ಲ. ಕೆನಡಾದ ಸಸ್ಕಾಚೆವಾನ್‌ನಲ್ಲಿ ಹಂದಿ ಶೆಡ್ಡಿನ ನೆಲಕ್ಕೆ ಕನೋಲಾ ಎಣ್ಣೆ ಚಿಮುಕಿಸಿ ನೋಡಿದರು. ಕನೋಲಾ ಅಂದರೆ ನಮ್ಮ ಸಾಸಿವೆಯ ಬಳಗದ್ದೇ ಒಂದು ಬೆಳೆ. ಅಷ್ಟರಿಂದಲೇ ಧೂಳೂ ಇಳಿಯಿತು, ಎಂಡೋಟಾಕ್ಸಿನ್ನೂ ಇಳಿಯಿತು, ಒಳಗೆ ಹೋದವರ ಉಸಿರಿನ ಕುಸಿತವೂ ಕಡಿಮೆಯಾಯಿತು. 1997ರಲ್ಲಿ ಪ್ರಕಟವಾದ ಫಲಿತಾಂಶ ಇದು. ಎಣ್ಣೆ ಚಿಮುಕಿಸುವವನು ಯಾರ ಜೀನ್ ಯಾವುದು ಅಂತ ಕೇಳಲಿಲ್ಲ. ನಮ್ಮ ಕೋಳಿ ಶೆಡ್ಡುಗಳಿಗೆ ಎಣ್ಣೆಯೇ ಆಗಬೇಕಿಲ್ಲ. ಹಾಸು ಎತ್ತುವ ದಿನ ಪರದೆ ಪೂರ್ತಿ ಮೇಲೆತ್ತಿ, ಫ್ಯಾನ್ ಹಾಕಿ, ಹೊಟ್ಟಿನ ಮೇಲೆ ತೆಳ್ಳಗೆ ನೀರು ಚಿಮುಕಿಸಿ, ಕೆಲಸಗಾರನ ಮೂಗಿಗೆ ಟವೆಲ್ ಬದಲು ಸರಿಯಾಗಿ ಕೂರುವ ಎನ್-95 ಮಾಸ್ಕ್ ಕೊಟ್ಟರೆ ಬಹಳಷ್ಟು ಆಗುತ್ತೆ. ಟವೆಲ್ಲಿನ ನೂಲಿನ ಮಧ್ಯೆ ಸಣ್ಣ ಧೂಳು ಆರಾಮಾಗಿ ನುಸುಳುತ್ತೆ.

ಕಂಟ್ರೋಲ್ ರೂಮಿನವರ ಹತ್ತಿರ ಆ ಹುಡುಗನ ನಂಬರ್ ಇತ್ತು. ಒಂದು ಭಾನುವಾರ ಫೋನ್ ಮಾಡಿದೆ. ಹೇಳಿದ್ದು ಇಷ್ಟೇ: ಜಿಲ್ಲಾಸ್ಪತ್ರೆಗೆ ಹೋಗಿ ಸ್ಪೈರೋಮೆಟ್ರಿ ಮಾಡಿಸು, ಕೊಳವೆಗೆ ಜೋರಾಗಿ ಊದೋ ಪರೀಕ್ಷೆ, ನೋವಿಲ್ಲ. ಸಾಧ್ಯ ಆದರೆ ಶೆಡ್ಡಿಗೆ ಹೋಗೋ ಮೊದಲು ಒಂದ್ಸಲ, ಕೆಲಸ ಮುಗಿಸಿ ಬಂದ ಮೇಲೆ ಒಂದ್ಸಲ. ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಶೆಡ್ಡಿನ ಪಾಲು ಎಷ್ಟು ಅಂತ ಓನರಿಗೂ ಕಾಣುತ್ತೆ. ಬೀಡಿ ಬಿಡೋಕೆ 1800-11-2356 ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ಬರ್ಕೋ. ಮತ್ತೆ, ಹೋಗುವಾಗ ಅಣ್ಣನ್ನೂ ಕರ್ಕೊಂಡು ಹೋಗು.

ಪಕ್ಕದಲ್ಲೇ ಇದ್ದ ಅಂತ ಕಾಣುತ್ತೆ ಅಣ್ಣ. ಫೋನಿನಲ್ಲಿ ಅವನ ದನಿ ಕೇಳಿಸಿತು. "ನಂಗ್ಯಾಕಂತೆ? ನಂಗೇನಾಗಿದೆ?"